ಮೇಡಂ ಸ್ಟೇಜಿನ ಮೇಲಿದ್ದ ಇಪ್ಪತ್ತು ನಿಮಿಷ

ಗುಲಾಮಗಿರಿಯ ವಿರುದ್ಧ ಹೋರಾಡಿದ ಒಬ್ಬ ಹೆಂಗಸಿನ ಬಗ್ಗೆ ಇಪ್ಪತ್ತು ನಿಮಿಷದ ಏಕಪಾತ್ರಾಭಿನಯ ಬರೆದುಕೊಡಿ ಎಂದು ನನ್ನನ್ನು ಕೇಳಿದವರು ಥಾಣೆಯಲ್ಲಿರುವ ನಮ್ಮೂರಿನವರ ಸಂಘದ ಮಹಿಳಾ ವಿಭಾಗದ ಅಧ್ಯಕ್ಷೆ. ಸಂಘದಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಗಂಡನಿಗೆ ಸಸ್ಯಾಹಾರಿ ಹೋಟೆಲುಗಳು, ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸಿನ ಇಪ್ಪತ್ತೆರಡನೇ ಮಹಡಿಯಲ್ಲಿ ಮನೆ. ನಾನು ಡೊಂಬಿವಲಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಸಂಘದವರಿಗೆ ಏನಾದರೂ ಬರೆಸಬೇಕಾದಾಗ ನನ್ನ ನೆನಪಾಗುತ್ತದೆ. ಸನ್ಮಾನಪತ್ರ, ಸ್ವಾಗತ ಭಾಷಣ, ಶ್ರದ್ಧಾಂಜಲಿ ಎಲ್ಲ ಬರೆದಿದ್ದೆ. ಈ ಸಲ ನಾಟಕ ಎಂದಾಗ ಉಬ್ಬಿಹೋದೆ. ಆ ಉಬ್ಬನ್ನು ನೆನೆದರೆ ಈಗ ಹಲ್ಲು ಕಚ್ಚುವಂತಾಗುತ್ತದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಸಿಟ್ಟು ಬಹಳ ಇದೆ, ಅದರಲ್ಲಿ ಅರ್ಧ ನನ್ನ ಮೇಲಿನದೇ.

ಮಹಿಳಾ ದಿನಾಚರಣೆಗೆ ಲೋಕದ ಧೀರ ಹೆಂಗಸರ ಕಥೆಗಳು ಎಂದು ಸಮಿತಿ ತೀರ್ಮಾನಿಸಿತ್ತು. ನಾನು ಮೊದಲು ಹೇಳಿದ್ದು ನಮ್ಮ ಕರಾವಳಿಯ ಕಥೆಯನ್ನೇ. ನನ್ನ ಅಜ್ಜಿಯ ಮದುವೆಯಲ್ಲಿ ಗದ್ದೆಯ ಜೊತೆಗೆ ಎರಡು ಮನೆ ಮೂಲದಾಳುಗಳೂ, ಹುಟ್ಟಿನಿಂದಲೇ ಒಡೆಯನಿಗೆ ಸೇರಿದ ಜೀತದವರೂ, ಬಂದಿದ್ದರಂತೆ. ಅಜ್ಜಿ ಅದನ್ನು ಹಿತ್ತಾಳೆಯ ಹಂಡೆ ಬಂದದ್ದನ್ನು ಹೇಳುವ ದನಿಯಲ್ಲೇ ಹೇಳುತ್ತಿದ್ದಳು. ಭೂಮಿಯ ಜೊತೆ ಕೈ ಬದಲಾಗುತ್ತಿದ್ದ ಆ ಜನರಲ್ಲಿ ಒಬ್ಬ ಹೆಂಗಸು ಒಂದು ದಿನ ಸೊಪ್ಪಿನ ಹೊರೆಯನ್ನು ಅಂಗಳದಲ್ಲಿ ಹಾಕಿ, ಹಿಂತಿರುಗಿ ನೋಡದೆ ನಡೆದುಹೋದಳಂತೆ. ಅವಳ ಬಗ್ಗೆ ಬರೆಯುತ್ತೇನೆ ಎಂದೆ.

ಸಮಿತಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದೆಲ್ಲ ಬೇಡ ಟೀಚರ್," ಎಂದರು ಮೇಡಂ. "ಸುಮ್ನೆ ಜಾತಿಯ ಗಲಾಟೆ ಆಗ್ತದೆ. ಹೊರಗಿನದ್ದು ಯಾವುದಾದ್ರೂ ಬರೀರಿ. ಅಮೆರಿಕದ್ದು ಉಂಟಲ್ಲ, ಆ ಕಪ್ಪು ಹೆಂಗಸಿನ ಕಥೆ? ಅದು ಎಲ್ರಿಗೂ ಇಷ್ಟ ಆಗ್ತದೆ."

ನಾನು ಸರಿ ಎಂದೆ. ಒಂದು ಮಾತೂ ವಾದಿಸಲಿಲ್ಲ.

ಆದರೆ ಓದುತ್ತ ಹೋದಂತೆ ಆ ಕಪ್ಪು ಹೆಂಗಸು ನನ್ನನ್ನು ಬಿಡಲಿಲ್ಲ. ಆರೇಳು ವರ್ಷದ ಮಗುವಾಗಿದ್ದಾಗಲೇ ಅವಳನ್ನು ಬೇರೆಯವರ ಮನೆಗೆ ಎರವಲು ಕಳಿಸಿದ್ದರು, ತೊಟ್ಟಿಲು ತೂಗಲಿಕ್ಕೆ. ತೊಟ್ಟಿಲ ಮಗು ಅತ್ತರೆ ಇವಳಿಗೆ ಚಾಟಿಯೇಟು. ಸ್ವಲ್ಪ ದೊಡ್ಡವಳಾದಾಗ, ಓಡಿಹೋಗುತ್ತಿದ್ದ ಒಬ್ಬ ಆಳನ್ನು ಹಿಡಿಯಲು ನೆರವಾಗು ಎಂದರೆ ಆಗುವುದಿಲ್ಲ ಎಂದಳು. ಅವನ ಮೇಲೆ ಮೇಲ್ವಿಚಾರಕ ಎಸೆದ ತಕ್ಕಡಿಯ ತೂಕದ ಕಬ್ಬಿಣ ಇವಳ ತಲೆಗೆ ಬಿತ್ತು. ಅಂದಿನಿಂದ ಸಾಯುವವರೆಗೂ ಮಾತಾಡುತ್ತ ಮಾತಾಡುತ್ತಲೇ ತೂಕಡಿಸಿ ಬೀಳುವ ಕಾಯಿಲೆ. ಅಂಥವಳು ಮೊದಲ ಸಲ ತಪ್ಪಿಸಿಕೊಂಡು ಹೊರಟಾಗ ಜೊತೆಗಿದ್ದ ಅಣ್ಣತಮ್ಮಂದಿರು ಹೆದರಿ ಅವಳನ್ನೂ ವಾಪಸ್ ಎಳೆದುಕೊಂಡು ಬಂದರು. ಎರಡನೇ ಸಲ ಯಾರಿಗೂ ಹೇಳದೆ ಒಬ್ಬಳೇ ಹೋದಳು. ಬಿಡುಗಡೆಯ ನೆಲ ಮುಟ್ಟಿದ ಮೇಲೆ ಸುಮ್ಮನೆ ಬದುಕಬಹುದಿತ್ತು. ಅವಳು ಮತ್ತೆ ಮತ್ತೆ ಹಿಂದೆ ಹೋದಳು. ಗಂಡನನ್ನು ಕರೆತರಲು ಹೋದರೆ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಅವನು ಬರದಿದ್ದರೇನು, ಬರುವವರು ಇದ್ದಾರಲ್ಲ ಎಂದು ಬೇರೆಯವರನ್ನು ಕರೆದುಕೊಂಡು ಬಂದಳು. ಅವಳಿಗೆ ಒಂದಕ್ಷರ ಓದು ಬರುತ್ತಿರಲಿಲ್ಲ.

ಅಡುಗೆಮನೆಯ ಕಟ್ಟೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು ಹನ್ನೆರಡು ದಿನದಲ್ಲಿ ಬರೆದು ಮುಗಿಸಿದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಬಂದಿತ್ತು.

ಪಾತ್ರ ಮಾಡುವವರು ಮೇಡಂ. ತಾಲೀಮು ಅವರ ಮನೆಯಲ್ಲಿ, ವಾರಕ್ಕೆ ಎರಡು ಮಧ್ಯಾಹ್ನ. ಡೊಂಬಿವಲಿಯಿಂದ ಥಾಣೆಗೆ ಲೋಕಲ್, ಅಲ್ಲಿಂದ ಬಸ್ಸು. ಕಾಂಪ್ಲೆಕ್ಸಿನ ಗೇಟಿನಲ್ಲಿ ವಾಚ್‌ಮನ್ ನನ್ನ ಫೋಟೋ ತೆಗೆದು ಆ್ಯಪಿನಲ್ಲಿ ಮೇಡಂಗೆ ಕಳಿಸುತ್ತಿದ್ದ. ಅವರು ಒಪ್ಪಿದ ಮೇಲೆ ಒಳಗೆ ಬಿಡುತ್ತಿದ್ದ. ಮನೆಗೆಲಸದವರು ಹೊರಗೆ ಹೋಗುವಾಗ ಬ್ಯಾಗು ತೆರೆದು ತೋರಿಸುವುದನ್ನೂ ಅಲ್ಲಿ ನೋಡುತ್ತಿದ್ದೆ. ನೋಡಿ, ಲಿಫ್ಟು ಹತ್ತುತ್ತಿದ್ದೆ.

ಮೊದಲ ದಿನವೇ ಮೇಡಂ ಸರಪಳಿಯ ಮಾತೆತ್ತಿದರು.

"ಇವಳ ಕೈಗೆ ಸರಪಳಿ ಇರಲಿಲ್ಲ ಮೇಡಂ," ಎಂದೆ. "ಮನೆಗೆಲಸ, ಗದ್ದೆ ಕೆಲಸ ಮಾಡಿಕೊಂಡೇ ಇದ್ದವಳು."

"ಸರಪಳಿ ಇಲ್ಲದಿದ್ರೆ ಗುಲಾಮಗಿರಿ ಅಂತ ಜನರಿಗೆ ಗೊತ್ತಾಗುವುದು ಹೇಗೆ ಟೀಚರ್? ನಾನು ಆನ್‌ಲೈನಲ್ಲಿ ತರಿಸ್ತೇನೆ, ಪ್ಲಾಸ್ಟಿಕ್ಕಿಂದು."

ಆಗ ಟೇಬಲ್ಲಿನ ಮೇಲೆ ಚಹಾ ಇಟ್ಟವಳು ಆ ಮನೆಯ ಕೆಲಸದ ಹೆಂಗಸು. ಮೂವತ್ತೇಳು ಮೂವತ್ತೆಂಟರ ವಯಸ್ಸು, ಮೇಡಂ ತೊಟ್ಟು ಬಿಟ್ಟ ನೈಟಿ, ಗಿಡ್ಡಗೆ ಕತ್ತರಿಸಿದ ಕೂದಲು. "ಇವಳು ನಮ್ಮ ಮನೆ ಮಗಳ ಹಾಗೆ. ಹನ್ನೊಂದು ವರ್ಷದವಳಿದ್ದಾಗ ಊರಿಂದ ತಂದದ್ದು," ಎಂದು ಮೇಡಂ ಪರಿಚಯ ಮಾಡಿಸಿದರು. ಹೆಸರನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಲ್ಕು ಮಧ್ಯಾಹ್ನ ಅವಳ ಕೈಯ ನೀರುದೋಸೆ ತಿಂದೆ, ಊರಿನ ರುಚಿ ಎಂದು ಹೊಗಳಿದೆ, ಅದೂ ಮೇಡಂ ಹತ್ತಿರ. ಗುಲಾಮಗಿರಿಯ ಮೇಲೆ ಪುಟಗಟ್ಟಲೆ ಬರೆದ ನನ್ನ ಕಣ್ಣಿಗೆ ಅವಳು ಬೀಳಲಿಲ್ಲ. ಶಾಲೆಯಲ್ಲಿ ಹಿಂದಿನ ಬೆಂಚಿನ ಮಗುವಿನ ಚಪ್ಪಲಿ ಹರಿದದ್ದೂ ನನಗೆ ಕಾಣುತ್ತಿತ್ತು. ಅಲ್ಲಿ ಮಾತ್ರ ಏನೂ ಕಾಣಲಿಲ್ಲ.

ಐದನೇ ತಾಲೀಮಿನ ದಿನ ಮೇಡಂಗೆ ಯಾವುದೋ ಫೋನು ಬಂತು, ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸದೆ ತುಳುವಿನಲ್ಲಿ ಕೇಳಿದಳು. ನಮ್ಮ ಮಾತೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಟೀಚರೇ, ಆ ಹೆಂಗಸು ಎರಡನೇ ಸಲ ಹೋಗುವಾಗ ಯಾರಿಗೂ ಹೇಳಲೇ ಇಲ್ವಾ?"

"ಇಲ್ಲ. ಹೇಳಿದ್ರೆ ಸಿಕ್ಕಿಬೀಳ್ತಿದ್ಲು."

"ದಾರಿ ಹೇಗೆ ಗೊತ್ತಾಯ್ತು?"

"ಉತ್ತರದ ನಕ್ಷತ್ರ ನೋಡಿಕೊಂಡು ನಡೆದ್ಲಂತೆ. ಹೊಳೆಯ ದಡ ಹಿಡಿದು. ಕೆಲವರು ಮನೆಯಲ್ಲಿ ಅಡಗಿಸಿ ಇಟ್ಟುಕೊಳ್ತಿದ್ರು." ಪಾಠ ಒಪ್ಪಿಸುವ ಹುಮ್ಮಸ್ಸಿನಲ್ಲಿ ಹೇಳುತ್ತಿದ್ದೆ. ನನ್ನ ನಾಟಕವನ್ನು ಇಷ್ಟು ಗಮನ ಕೊಟ್ಟು ಕೇಳಿದ್ದಾಳಲ್ಲ ಎಂದು ಸಂತೋಷವೂ ಆಗಿತ್ತು.

"ಅವಳ ಹತ್ರ ಆಧಾರ್ ಕಾರ್ಡ್ ಇತ್ತಾ?"

ನನಗೆ ನಗು ಬಂತು. ನಕ್ಕೂಬಿಟ್ಟೆ. ಆಮೇಲೆ ಅವಳ ಮುಖ ನೋಡಿದೆ.

"ನನ್ನ ಕಾರ್ಡು ಅಮ್ಮನ ಕಪಾಟಲ್ಲಿ ಉಂಟು," ಎಂದಳು. ಮೇಡಂ ಅವಳಿಗೆ ಅಮ್ಮ. "ಕಾರ್ಡಿಲ್ಲದೆ ರೈಲು ಹತ್ತಬಹುದಾ?"

ಆಗ ಒಂದೊಂದಾಗಿ ಕೇಳಿದೆ, ಅವಳು ಒಂದೊಂದಾಗಿ ಹೇಳಿದಳು. ಮಲಗುವುದು ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ. ಊರಿಗೆ ಹೋಗಿ ಒಂಬತ್ತು ವರ್ಷವಾಗಿತ್ತು, ಅಪ್ಪ ಸತ್ತಾಗ ಮೂರು ದಿನ. ಸಂಬಳದ ಮಾತು ಅವಳೆದುರು ಯಾರೂ ಆಡಿಲ್ಲ. ಒಬ್ಬಳೇ ಗೇಟು ದಾಟುವ ಹಾಗಿಲ್ಲ, ಮೇಡಂ ಆ್ಯಪಿನಲ್ಲಿ ಒತ್ತದೆ ವಾಚ್‌ಮನ್ ಬಿಡುವುದಿಲ್ಲ. ಮದುವೆಯ ಮಾತು ಎರಡು ಸಲ ಬಂದಿತ್ತು, ಎರಡು ಸಲವೂ ಮೇಡಂ ಅತ್ತೆಗೆ ಹುಷಾರಿಲ್ಲ ಎಂದು ಮುಂದೆ ಹಾಕಿದರು.

"ನನ್ನದು ಬಿಡಿ, ಅಭ್ಯಾಸ ಆಗಿದೆ," ಎಂದಳು. ಅವಳ ದನಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಗಟ್ಟಿಯಾಯಿತು. "ಈಗ ತಮ್ಮನ ಮಗಳನ್ನ ತರಿಸ್ತಾರಂತೆ. ಐದನೇ ಕ್ಲಾಸು. ಪರೀಕ್ಷೆ ಮುಗಿದ ಕೂಡ್ಲೇ. ಇಲ್ಲಿ ಇಂಗ್ಲಿಷ್ ಶಾಲೆಗೆ ಹಾಕ್ತೇನೆ ಅಂತ ತಮ್ಮನಿಗೆ ಹೇಳಿದ್ದಾರೆ. ನನ್ನನ್ನು ತರುವಾಗ್ಲೂ ಹಾಗೇ ಹೇಳಿದ್ದು ಟೀಚರೇ. ಶಾಲೆಯ ಗೇಟು ನೋಡಿದ್ದೇನೆ. ಅವರ ಮಗನ ಚೀಲ ಹಿಡ್ಕೊಂಡು."

ಅಷ್ಟರಲ್ಲಿ ಬಾಗಿಲ ಸದ್ದಾಯಿತು, ಅವಳು ತುರಿಮಣೆಯ ಕಡೆ ತಿರುಗಿದಳು.

ಮುಂದೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಎರಡು ದಿನ ಯೋಚಿಸಿ, ಮೇಡಂ ಓದಿಕೊಂಡವರು, ತಿಳಿಸಿ ಹೇಳಿದರೆ ಅರ್ಥವಾಗುತ್ತದೆ ಎಂದುಕೊಂಡೆ. ಮುಂದಿನ ತಾಲೀಮಿನಲ್ಲಿ ಚಹಾ ಕುಡಿಯುತ್ತ, ನಯವಾಗಿ, ನಗುನಗುತ್ತ ಮಾತು ತೆಗೆದೆ. ಅವಳ ಕಾರ್ಡು ಅವಳ ಹತ್ತಿರ ಇದ್ದರೆ ಒಳ್ಳೆಯದಲ್ಲವೇ, ಆ ಹುಡುಗಿ ಊರಲ್ಲೇ ಓದಲಿ ಅಲ್ಲವೇ, ಎಂದೆ.

ಮೇಡಂ ಕಪ್ಪು ಕೆಳಗಿಟ್ಟರು.

"ಅವಳು ನಿಮ್ಮ ಹತ್ರ ಏನೇನು ಹೇಳಿದ್ಲು?"

"ಅವಳೇನೂ ಹೇಳಿಲ್ಲ, ನಾನೇ..."

"ಟೀಚರ್, ನೀವು ಬರೆಯಲಿಕ್ಕೆ ಬಂದವರು. ಬರೀರಿ. ಇಪ್ಪತ್ತಾರು ವರ್ಷ ಊಟ ಹಾಕಿ ಸಾಕಿದ್ದೇವೆ. ಅವಳ ಊರಲ್ಲಿ ಏನುಂಟು, ನಿಮಗೆ ಗೊತ್ತುಂಟಾ? ಆ ಹುಡುಗಿಗೂ ಒಳ್ಳೇದಾಗ್ಲಿ ಅಂತ ಮಾಡುವುದು."

ಆ ದಿನದ ನಂತರ ತಾಲೀಮು ಸಂಘದ ಆಫೀಸಿಗೆ ಹೋಯಿತು. ಅವಳನ್ನು ನಾನು ಮತ್ತೆ ನೋಡಲಿಲ್ಲ. ಆದರೂ ತಾಲೀಮಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಬಿಟ್ಟರೆ ಆ ಮನೆಯ ದಾರಿಯೇ ಮುಚ್ಚಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹೆಸರು ಆಮಂತ್ರಣಪತ್ರದಲ್ಲಿ ಅಚ್ಚಾಗಿತ್ತು ಎಂಬುದೂ ನಿಜ.

ನನ್ನ ಗಂಡ ಆಫೀಸಿನಿಂದ ಬಂದವರು ಎಲ್ಲ ಕೇಳಿ, "ದೊಡ್ಡವರ ಮನೆ ವಿಷಯ, ನಮಗ್ಯಾಕೆ?" ಎಂದರು. ಮಗ, ಇಲ್ಲೇ ಹುಟ್ಟಿ ಬೆಳೆದವನು, "ಮಮ್ಮಿ, ಪೊಲೀಸ್ ಕೋ ಬೋಲೋ ನಾ," ಪೊಲೀಸರಿಗೆ ಹೇಳು ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿದ. ಕೊನೆಗೆ ಕೇಳಿಸಿಕೊಂಡವಳು ನಮ್ಮ ಮನೆಗೆ ಕೆಲಸಕ್ಕೆ ಬರುವ ಮರಾಠಿ ಹೆಂಗಸು. ಅವಳು ಕಲ್ಯಾಣದ ಒಂದು ಚಾಳಿನಲ್ಲಿ, ವಠಾರದಂಥ ಸಾಲುಮನೆಯಲ್ಲಿ, ಇರುತ್ತಾಳೆ, ಐದು ಮನೆಯ ಕೆಲಸ ಮಾಡುತ್ತಾಳೆ, ನನ್ನನ್ನು ಕಾಕೂ, ಚಿಕ್ಕಮ್ಮ, ಎನ್ನುತ್ತಾಳೆ. ಪಾತ್ರೆ ತೊಳೆಯುತ್ತ ಪೂರ್ತಿ ಕೇಳಿದಳು.

"ಆ ಮನೆಯ ಮಾಲ್‌ಕಿಣಿಗೇ ಯಾಕೆ ಹೇಳಿದಿರಿ ಕಾಕೂ?" ಎಂದು ಮರಾಠಿಯಲ್ಲಿ ಬೈದಳು. "ಬೀಗ ಹಾಕಿದವರ ಹತ್ತಿರವೇ ಹೋಗಿ ಬೀಗ ತೆಗಿ ಅಂದ ಹಾಗಾಯ್ತು. ಈಗ ಇನ್ನೊಂದು ಬೀಗ ಹಾಕಿರ್ತಾರೆ." ಕೈ ಒರೆಸಿಕೊಂಡು ಕೇಳಿದಳು, "ಅವಳು ಹೊರಗೆ ಬರೋದು ಯಾವಾಗ? ಯಾವತ್ತಾದರೂ ಬರ್ತಾಳಾ?"

ಹೀಗೆ ಕೇಳಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಯೋಚಿಸಿದೆ. ಕಾರ್ಯಕ್ರಮದ ದಿನ ಮೇಡಂಗೆ ಮೇಕಪ್ಪಿನ ಪೆಟ್ಟಿಗೆ, ಸೀರೆ, ತಿಂಡಿಯ ಡಬ್ಬಿ ಹೊರಲು ಯಾರಾದರೂ ಬೇಕು. ಪ್ರತಿ ವರ್ಷವೂ ಒಬ್ಬಳು ಹೊತ್ತುಕೊಂಡು ಬರುತ್ತಿದ್ದಳು. ಅದು ಅವಳೇ. ವರ್ಷ ವರ್ಷವೂ ಗ್ರೀನ್ ರೂಮಿನ ಮೂಲೆಯಲ್ಲಿ ಅವಳನ್ನು ನೋಡಿದ್ದೆ, ಮುಖ ನೆನಪಿಟ್ಟುಕೊಂಡಿರಲಿಲ್ಲ.

"ಹಾಗಾದ್ರೆ ನಾನೂ ನಿಮ್ಮ ನಾಟಕ ನೋಡೋಕೆ ಬರ್ತೀನಿ," ಎಂದಳು ನಮ್ಮ ಮನೆಯವಳು.

ಆ ಭಾನುವಾರ ಥಾಣೆಯ ಒಂದು ಸಭಾಂಗಣದಲ್ಲಿ ಮಧ್ಯಾಹ್ನ ಮೂರಕ್ಕೆ ಕಾರ್ಯಕ್ರಮ. ಮೊಗ್ಗಿನ ಜಡೆಯ ಹೆಂಗಸರು, ಬಾಗಿಲಲ್ಲಿ ಪನ್ನೀರು. ಮೇಡಂ ಗಂಡ ಮುಂದಿನ ಸಾಲಿನಲ್ಲಿ ಕೂತಿದ್ದರು. ಗ್ರೀನ್ ರೂಮಿಗೆ ಹೋದರೆ ಅವಳು ಮೇಡಂ ಮುಖಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದಳು. ಸ್ಪಂಜಿನಿಂದ ಹಣೆ, ಕೆನ್ನೆ, ಕತ್ತು. "ಕಿವಿಯ ಹಿಂದೆ ಬಿಟ್ಟಿದ್ದಿ ನೋಡು, ಕಣ್ಣು ಕಾಣುವುದಿಲ್ವಾ?" ಎಂದು ಮೇಡಂ ಗದರಿದರು. ಅವಳು ಕಿವಿಯ ಹಿಂದೆ ಬಳಿದಳು. ಆಮೇಲೆ ಪ್ಲಾಸ್ಟಿಕ್ ಸರಪಳಿಯನ್ನು ಮೇಡಂ ಕೈಗೆ ಸುತ್ತಿ ಕೊಂಡಿ ಹಾಕಿದಳು. ಅವಳು ತೆಳ್ಳಗಾಗಿದ್ದಳು. ನನ್ನ ಕಡೆ ನೋಡಲಿಲ್ಲ.

ಮೇಡಂ ಕನ್ನಡಿಯ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ನಾನು ತಿಂಡಿಯ ಡಬ್ಬಿ ಎತ್ತುವ ನೆಪದಲ್ಲಿ ಅವಳ ಪಕ್ಕ ಬಗ್ಗಿದೆ. ಹೊರಗೆ ಗೇಟಿನ ಹತ್ತಿರ ಹಸಿರು ಸೀರೆಯ ಮರಾಠಿ ಹೆಂಗಸು ನಿಂತಿದ್ದಾಳೆ, ಇವತ್ತು ಅಂತಲ್ಲ, ನಿನಗೆ ಬೇಕಾದಾಗ ಅವಳ ಜೊತೆ ಹೋಗಬಹುದು ಎಂದು ಪಿಸುಗುಟ್ಟಿದೆ. ಬೇಕಾದಾಗ ಅಂತೆ! ದಿನಕ್ಕೆ ಹತ್ತು ಸಲ ಗೇಟು ದಾಟುವವಳಿಗೆ ಹೇಳುವ ಹಾಗೆ ಹೇಳಿದೆ.

ನಾಟಕ ಶುರುವಾಯಿತು. ನಾನು ಪಕ್ಕದ ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ನಿಂತಿದ್ದೆ, ಮಾತು ಮರೆತರೆ ಹೇಳಿಕೊಡಲು. ಮೇಡಂ ಸರಪಳಿ ಕುಲುಕಿಸಿ ಅತ್ತರು. ಸಭೆಯಲ್ಲಿ ಕೆಲವರು ಕಣ್ಣೊರೆಸಿಕೊಂಡರು. ಎರಡು ಮೂರು ನಿಮಿಷ ಕಳೆದಿರಬಹುದು, ಪಕ್ಕದಲ್ಲಿ ಯಾರೋ ಬಂದ ಹಾಗಾಯಿತು. ಅವಳು. ಮೇಡಂ ಕೈಚೀಲವನ್ನು ನನ್ನ ಕಾಲ ಹತ್ತಿರ ಇಟ್ಟಳು.

"ಇದರಲ್ಲಿ ಅಮ್ಮನ ಫೋನು, ಬಳೆ, ಎಲ್ಲ ಉಂಟು. ನೋಡಿಕೊಳ್ಳಿ. ನಾನು ಹೋಗ್ತೇನೆ ಟೀಚರೇ."

"ಈಗಲೇ?" ಎಂದೆ. "ಅವರ ಗಂಡ ಎದುರಲ್ಲೇ ಕೂತಿದ್ದಾರೆ."

"ಅವರು ವಿಡಿಯೋ ತೆಗೀತಿದ್ದಾರೆ. ಅಮ್ಮ ಸ್ಟೇಜ್ ಮೇಲಿದ್ದಾರೆ. ನಡುವೆ ಇಳಿದು ಬರ್ಲಿಕ್ಕೆ ಆಗುವುದಿಲ್ಲ ಅಲ್ವಾ? ಇಪ್ಪತ್ತು ನಿಮಿಷ ಅಂತ ನೀವೇ ಹೇಳಿದ್ದು."

ಅವಳು ಒಂದು ಕೈಯನ್ನು ಇನ್ನೊಂದರಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಇಷ್ಟು ದಿನ ಧೈರ್ಯ ಎಂದು ನಾನು ಬರೆದದ್ದೆಲ್ಲ ಆ ಎರಡು ಕೈಗಳ ಮುಂದೆ ಬರಿಯ ಶಾಯಿಯಾಗಿತ್ತು. ಅವಳು ಹಿಂದಿನ ಬಾಗಿಲಿನಿಂದ ಹೋದಳು. ಓಡಲಿಲ್ಲ. ಯಾರೋ ಒಬ್ಬರು "ಏ, ನೀರಿನ ಬಾಟ್ಲಿ ತಾ," ಎಂದರೆ "ಈಗ ತರ್ತೇನೆ" ಎಂದು ಉತ್ತರವನ್ನೂ ಕೊಟ್ಟು ಹೋದಳು.

ಅದೇ ಹೊತ್ತಿಗೆ ಮೇಡಂ ಮಾತು ಮರೆತರು. ಪರದೆಯ ಕಡೆ ತಿರುಗಿ ಕಣ್ಣು ದೊಡ್ಡದು ಮಾಡಿದರು. ನಾನು ಹೇಳಿಕೊಟ್ಟೆ. ಪೂರ್ತಿ ಹದಿನೇಳು ನಿಮಿಷ ಅಲ್ಲೇ ನಿಂತು ಹೇಳಿಕೊಟ್ಟೆ. ಅವಳ ಜೊತೆ ಗೇಟಿನವರೆಗಾದರೂ ನಡೆಯಬಹುದಿತ್ತು. ನಡೆಯಲಿಲ್ಲ. ನಾನು ನಿಂತೇ ಇದ್ದರೆ ಮೇಡಂಗೆ ಅನುಮಾನ ಬರುವುದಿಲ್ಲ, ಅವಳಿಗೆ ಸಮಯ ಸಿಗುತ್ತದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಕಾಲು ಬರಲಿಲ್ಲ.

ಚಪ್ಪಾಳೆ ಬಹಳ ಹೊತ್ತು ಬಿತ್ತು.

ಆ ಸಂಜೆ ಅವಳು ಮರಾಠಿ ಹೆಂಗಸಿನ ಜೊತೆ ಬಂದು ಡೊಂಬಿವಲಿಯ ನಮ್ಮ ಮನೆಯ ಸೋಫಾದ ಅಂಚಿನಲ್ಲಿ ಕೂತಿದ್ದಾಗಲೇ ಮೇಡಂ ಫೋನು ಬಂತು. ಬಳೆ ಕಾಣೆಯಾಗಿದೆ, ಕೆಲಸದವಳು ಕದ್ದುಕೊಂಡು ಓಡಿದ್ದಾಳೆ, ಪೊಲೀಸಿಗೆ ದೂರು ಕೊಟ್ಟಿದ್ದೇವೆ, ನಿಮಗೇನಾದರೂ ಗೊತ್ತುಂಟಾ? ಸುಳ್ಳು. ಆ ಕೈಚೀಲವನ್ನು ನಾನೇ ಅವರ ಕೈಗೆ ಕೊಟ್ಟಿದ್ದೆ, ಬಳೆ ತೆಗೆದು ಹಾಕಿಕೊಂಡದ್ದನ್ನು ನೋಡಿದ್ದೆ. ಆ ಒಂದು ಸುಳ್ಳು ನನ್ನೊಳಗಿದ್ದ ನಯವನ್ನೆಲ್ಲ ಸುಟ್ಟುಹಾಕಿತು.

"ಅವಳು ನಮ್ಮ ಮನೆಯಲ್ಲಿದ್ದಾಳೆ ಮೇಡಂ," ಎಂದೆ. "ನಾಳೆ ಬೆಳಿಗ್ಗೆ ಪೊಲೀಸ್ ಸ್ಟೇಷನ್ನಿಗೆ ಬರ್ತೇವೆ. ಬಳೆ ನಿಮ್ಮ ಕೈಯಲ್ಲುಂಟು. ಅವಳ ಕಾರ್ಡ್ ತನ್ನಿ."

ನನ್ನ ಗಂಡ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆ ಮೇಲೆ ಕೈ ಇಟ್ಟುಕೊಂಡರು. ಆದರೆ ಬೆಳಿಗ್ಗೆ ಆಫೀಸಿಗೆ ರಜೆ ಹಾಕಿ ನಮ್ಮ ಜೊತೆ ಬಂದರು, ಅದನ್ನೂ ಹೇಳಬೇಕು.

ಸ್ಟೇಷನ್ನಿನಲ್ಲಿ ಮೇಜಿನ ಹಿಂದೆ ಇದ್ದದ್ದು ಒಬ್ಬ ಮಹಿಳಾ ಅಧಿಕಾರಿ. ಮೇಡಂ, ಅವರ ಗಂಡ, ಸಂಘದ ಇಬ್ಬರು ಹಿರಿಯರು ಕುರ್ಚಿಗಳಲ್ಲಿ ಕೂತಿದ್ದರು. ಇವಳು ನಿಂತಿದ್ದಳು. ನಾನು ಮಾತಾಡಲು ಬಾಯಿ ತೆರೆದೆ, ನಮ್ಮ ಮನೆಯ ಮರಾಠಿ ಹೆಂಗಸು ನನ್ನ ಸೆರಗು ಹಿಡಿದು ಎಳೆದಳು. "ತಿಲಾ ಬೋಲೂ ದ್ಯಾ," ಎಂದಳು. ಅವಳೇ ಮಾತಾಡಲಿ.

"ಕ್ಯಾ ಹುವಾ, ಬತಾವ್," ಏನಾಯಿತು ಹೇಳು ಎಂದರು ಅಧಿಕಾರಿ.

ಟಿವಿ ಕೇಳಿ, ಪಾರ್ಸೆಲ್ ತರುವವರ ಜೊತೆ ಮಾತಾಡಿ ಕಲಿತ ಹಿಂದಿಯಲ್ಲಿ ಅವಳು ಹೇಳಿದಳು, "ಮೇರಾ ಕಾರ್ಡ್ ಇನ್‌ಕೇ ಪಾಸ್ ಹೈ. ಪೆಹ್ಲೇ ವೋ ದೇನೇ ಕೋ ಬೋಲೋ. ಫಿರ್ ಮೈ ಸಬ್ ಬತಾತೀ." ನನ್ನ ಕಾರ್ಡು ಇವರ ಹತ್ತಿರ ಇದೆ, ಮೊದಲು ಅದನ್ನು ಕೊಡಲು ಹೇಳಿ, ಆಮೇಲೆ ಎಲ್ಲ ಹೇಳುತ್ತೇನೆ ಎಂದು.

"ನಾವು ಇವಳನ್ನ ಮಗಳ ಹಾಗೆ..." ಎಂದು ಮೇಡಂ ಗಂಡ ಶುರುಮಾಡಿದರು.

ಅವಳು ಅವರ ಕಡೆ ತಿರುಗಿದಳು. ಇಪ್ಪತ್ತಾರು ವರ್ಷದಲ್ಲಿ ಅವರ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದಳು.

"ಮಗಳು ಬಾಲ್ಕನಿಯಲ್ಲಿ ಮಲಗ್ತಾಳಾ ಅಣ್ಣ?"

ಅಧಿಕಾರಿಗೆ ನಮ್ಮ ಭಾಷೆ ತಿಳಿಯದು. ಆದರೆ ಕುರ್ಚಿಯಲ್ಲಿದ್ದವರು ತಲೆ ತಗ್ಗಿಸಿದ್ದನ್ನು ಕಂಡರು. ಒಬ್ಬೊಬ್ಬರನ್ನೇ ಕೇಳಿ, ಯಾರ ಹತ್ತಿರ ಏನಿದೆ, ಗೇಟು ದಾಟಲು ಯಾರ ಒಪ್ಪಿಗೆ ಬೇಕಿತ್ತು, ಎಲ್ಲ ಬರೆದುಕೊಂಡರು. ಹನ್ನೊಂದು ವರ್ಷದ ಮಗುವನ್ನು ಮನೆಗೆಲಸಕ್ಕೆ ತಂದದ್ದು ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ಮೇಡಂ ಮುಖ ನೋಡಿದರು. ಆಗ ಅವರ ಗಂಡ ಡ್ರೈವರಿಗೆ ಫೋನು ಮಾಡಿದರು. ಮುಕ್ಕಾಲು ಗಂಟೆಯಲ್ಲಿ ಕಾರ್ಡು ಬಂತು. ಬಳೆಯ ದೂರು ಹಿಂದೆ ಹೋಯಿತು.

ಅಷ್ಟೇ. ಯಾರನ್ನೂ ಹಿಡಿಯಲಿಲ್ಲ, ಯಾರ ಮೇಲೂ ಕೇಸು ನಿಲ್ಲಲಿಲ್ಲ. ಸಂಘದ ಹಿರಿಯರು ಇಬ್ಬರೂ ಅಧಿಕಾರಿಯ ಮುಂದೆ ಕೈ ಮುಗಿದು, ಇದು ನಮ್ಮ ಸಮಾಜದ ಒಳಗಿನ ವಿಷಯ, ನಾವೇ ಕೂತು ಸರಿಮಾಡಿಕೊಳ್ಳುತ್ತೇವೆ ಎಂದರು. ಸರಿಮಾಡಿಕೊಳ್ಳುವುದಂತೆ! ಇಪ್ಪತ್ತಾರು ವರ್ಷವನ್ನು ಎಲ್ಲಿಂದ ತಂದು ಸರಿಮಾಡುತ್ತಾರೆ? ಹೊರಗೆ ಬಂದು ಒಬ್ಬರು ಅವಳಿಗೆ, "ನಿನಗೆ ಇನ್ನೇನಮ್ಮ ಬೇಕು?" ಎಂದು ಕೇಳಿದರು. ಅವಳು ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡುತ್ತಿದ್ದಳು. "ಬೇಕಾದದ್ದು ತುಂಬ ಉಂಟು," ಎಂದಳು. "ಮೊದಲು ಊರಿಗೆ ಹೋಗಿ ಬರ್ತೇನೆ."

ಎರಡು ದಿನ ಬಿಟ್ಟು ಪನ್ವೇಲಿನಿಂದ ಮಧ್ಯಾಹ್ನದ ರೈಲಿಗೆ ಒಬ್ಬಳೇ ಹೊರಟಳು. ತಮ್ಮನಿಗೆ ಫೋನಿನಲ್ಲೇ ಹೇಳಬಹುದಲ್ಲ ಎಂದೆ.

"ಫೋನಲ್ಲಿ ಅವನು ನನ್ನ ಮಾತು ನಂಬುವುದಿಲ್ಲ ಟೀಚರೇ. ಇಷ್ಟು ವರ್ಷ ಅವನು ಫೋನು ಮಾಡಿದಾಗೆಲ್ಲ ಅಮ್ಮ ಸ್ಪೀಕರ್ ಹಾಕಿ ಪಕ್ಕದಲ್ಲೇ ಕೂತ್ಕೊಳ್ತಿದ್ರು. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಅಂತಲೇ ಹೇಳಿದ್ದು ನಾನು. ಅವನಿಗೆ ನನ್ನ ದನಿ ಅಂದ್ರೆ ಅಷ್ಟೇ."

ಮುಂದಿನದನ್ನು ಅವಳು ತಿರುಗಿ ಬಂದ ಮೇಲೆ ಕೇಳಿದೆ. ಅವಳು ಮನೆ ತಲುಪಿದಾಗ ಹುಡುಗಿಯ ಬ್ಯಾಗು ತಯಾರಾಗಿ ಜಗಲಿಯಲ್ಲಿತ್ತು. ಮೇಡಂ ಕಳಿಸಿದ ಹೊಸ ಫ್ರಾಕು, ಹೊಸ ಚಪ್ಪಲಿ. ತಮ್ಮ ಸಿಟ್ಟಾದ. ಒಳ್ಳೆಯ ಮನೆಯನ್ನು ಹಾಳುಮಾಡಿಕೊಂಡು ಬಂದೆಯಾ ಎಂದ. ಅವಳು ಜಗಲಿಯಲ್ಲೇ ಕೂತು, ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ತನ್ನ ಒಂದು ದಿನವನ್ನು ಬೆಳಗಿನ ಐದರಿಂದ ಹೇಳತೊಡಗಿದಳು. ಎಷ್ಟು ಬಾತ್‌ರೂಮು, ಎಷ್ಟು ಬಟ್ಟೆ, ಯಾರ ಊಟ ಆದ ಮೇಲೆ ತನ್ನ ಊಟ, ಮಳೆಗಾಲದಲ್ಲಿ ಬಾಲ್ಕನಿಗೆ ಎರಚಲು ಹೊಡೆದಾಗ ಹಾಸಿಗೆಯನ್ನು ಎಲ್ಲಿಗೆ ಎಳೆದುಕೊಳ್ಳುತ್ತಿದ್ದಳು, ಒಂದನ್ನೂ ಬಿಡಲಿಲ್ಲ. ಅಳಲೂ ಇಲ್ಲ. ಅರ್ಧಕ್ಕೆ ತಮ್ಮನ ಹೆಂಡತಿ ಎದ್ದು ಬ್ಯಾಗನ್ನು ಒಳಗೆ ಒಯ್ದು ಬಟ್ಟೆ ತೆಗೆದು ಹಗ್ಗದ ಮೇಲೆ ಹಾಕಿದಳು. ತಮ್ಮ ಹತ್ತು ದಿನ ಅವಳ ಜೊತೆ ಮಾತು ಬಿಟ್ಟ. ಇವಳು ಹಟ ಹಿಡಿದು ಅಲ್ಲೇ ಇದ್ದಳು. ಜೂನಿನಲ್ಲಿ ಶಾಲೆ ಶುರುವಾದಾಗ ಆರನೇ ಕ್ಲಾಸಿನ ಬೆಂಚಿನವರೆಗೂ ಹುಡುಗಿಯನ್ನು ತಾನೇ ಕರೆದುಕೊಂಡು ಹೋಗಿ ಕೂರಿಸಿ ಬಂದಳು.

ಆ ನಡುವೆ ಸಂಘದ ಸಭೆಗೆ ನನ್ನನ್ನು ಕರೆದಿದ್ದರು. ನಡೆದದ್ದನ್ನೆಲ್ಲ ಎದ್ದು ನಿಂತು ಹೇಳಿದೆ. ಈ ಸಲ ನಗಲಿಲ್ಲ. ಇದೇ ಕೋಣೆಯಲ್ಲಿ ಇರುವ ಇನ್ನೆಷ್ಟು ಜನರ ಮನೆಯಲ್ಲಿ ಊರಿಂದ ತಂದ ಮಕ್ಕಳಿದ್ದಾರೆ, ಕೈ ಎತ್ತಿ ಎಂದೆ. ಯಾರೂ ಎತ್ತಲಿಲ್ಲ. ಇಬ್ಬರು ಎದ್ದು ಹೊರಗೆ ಹೋದರು. ಸಮಾಜದ ಮರ್ಯಾದೆ ತೆಗೆದವಳು ಎಂದು ನನ್ನ ಹೆಸರನ್ನು ಮಹಿಳಾ ವಿಭಾಗದಿಂದ ತೆಗೆದರು. ನಾಟಕವನ್ನು ಮಾತ್ರ ಬಿಡಲಿಲ್ಲ. ನವಿ ಮುಂಬಯಿಯಲ್ಲಿ ಅದರ ಎರಡನೇ ಪ್ರದರ್ಶನವಾಯಿತು. ಆಡಬೇಡಿ ಎಂದು ಬರೆದ ನನ್ನ ಪತ್ರಕ್ಕೆ ಉತ್ತರ ಬರಲಿಲ್ಲ. ಮೇಡಂಗೆ ಸ್ಮರಣಿಕೆ ಕೊಟ್ಟ ಫೋಟೋ ವಾಟ್ಸ್ಆ್ಯಪಿನಲ್ಲಿ ಬಂತು.

ಅವಳೀಗ ಅಂಬರನಾಥದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಕಲ್ಯಾಣದಲ್ಲಿ ನಮ್ಮ ಮನೆಯ ಮರಾಠಿ ಹೆಂಗಸಿನ ಚಾಳಿನಲ್ಲೇ ಒಂದು ಖೋಲಿ, ಒಂದೇ ಕೋಣೆಯ ಮನೆ, ಇನ್ನೊಬ್ಬಳ ಜೊತೆ. ಕೂದಲು ಬಿಟ್ಟಿದ್ದಾಳೆ, ಭುಜಕ್ಕೆ ಬಂದಿದೆ. ಕಳೆದ ತಿಂಗಳು ಅವಳನ್ನು ನೋಡಲು ಹೋಗಿದ್ದೆ. ಕ್ಯಾಂಟೀನಿನ ಹಿಂದೆ ಕಲ್ಲಿನ ಮೇಲೆ ಕೂತು ಚಹಾ ಕುಡಿದೆವು. ಸ್ವಲ್ಪ ಹೊತ್ತು ಊರಿನ ಮಾತಾಡಿದೆವು.

"ಒಂದು ಮಾತು ಹೇಳ್ಬೇಕಿತ್ತು," ಎಂದಳು. "ನೀವು ಅವತ್ತು ಅಮ್ಮನ ಹತ್ರ ಹೋಗಿ ಹೇಳ್ಬಾರದಿತ್ತು ಟೀಚರೇ."

"ಹೌದು. ತಪ್ಪಾಯ್ತು."

"ನಿಮಗೆ ಗೊತ್ತಿಲ್ಲ. ಅವತ್ತಿಂದ ಬಾಲ್ಕನಿಯ ಬಾಗಿಲು ಒಳಗಿನಿಂದ ಹಾಕ್ತಿದ್ರು. ಬೆಳಿಗ್ಗೆ ಅವರು ಎದ್ದು ತೆಗೆಯುವವರೆಗೆ. ನಾಟಕದ ದಿನದವರೆಗೂ. ನೀರಡಿಕೆ ಆದ್ರೆ ನೀರಿಲ್ಲ, ಬಾತ್‌ರೂಮ್ ಇಲ್ಲ." ಲೋಟ ಕೆಳಗಿಟ್ಟಳು. "ನಿಮ್ಮ ಮೇಲೆ ತುಂಬ ಸಿಟ್ಟಿತ್ತು ನನಗೆ. ಈಗಲೂ ಉಂಟು. ಹೇಳದೆ ಇಟ್ಟುಕೊಂಡ್ರೆ ಸರಿಯಾಗುವುದಿಲ್ಲ ಅಂತ ಹೇಳಿದೆ."

ಕ್ಷಮಿಸು ಎನ್ನುವ ಪದ ಬಾಯಿಗೆ ಬಂದದ್ದನ್ನು ನುಂಗಿದೆ. ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು, ಪೂರ್ತಿ ಹೆಸರು. "ಆಲೇ," ಬಂದೆ ಎಂದು ಮರಾಠಿಯಲ್ಲಿ ಉತ್ತರ ಕೊಟ್ಟು, ಎದ್ದು ಸೀರೆ ಕೊಡವಿಕೊಂಡಳು.

"ಮುಂದಿನ ಭಾನುವಾರ ನನಗೆ ರಜೆ," ಎಂದಳು ಬಾಗಿಲಲ್ಲಿ ನಿಂತು. "ನವಿ ಮುಂಬಯಿಯಲ್ಲಿ ಅಮ್ಮನ ತಂಗಿಯ ಮನೆ ಉಂಟು. ಅಲ್ಲೊಬ್ಬಳು ಇದ್ದಾಳೆ, ನನ್ನ ಹಾಗೇ ಊರಿಂದ ತಂದದ್ದು, ನನಗಿಂತ ಸಣ್ಣವಳು. ಬರ್ತೀರಾದ್ರೆ ಬನ್ನಿ. ಆದ್ರೆ ಅಲ್ಲಿ ಬಂದು ಮಾತಾಡ್ಬೇಡಿ."

ಬರುತ್ತೇನೆ ಎಂದೆ.